ಹಲ್ಲಿನ ಹಿಂದಿನ ಕಾಳು

ಚಾರ್ವಿ ಬಾಯಿಗೆ ಹಾಕಿದ ನೀರನ್ನು ನುಂಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಬಚ್ಚಲಿಗೆ ಓಡಿ ಉಗಿದು ಬಂದಳು.

"ಇದೂ ಕಹಿ ಕಣಮ್ಮಾ."

ಪ್ರತಿಮಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಲ್ಲಿ ನೀರು ಕಹಿ ಎಂದಿದ್ದರೆ ಅವಳು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಹೊಳೆಸಾಲು ಪಟ್ಟಣದಲ್ಲಿ ನಲ್ಲಿ ನೀರು ಕಹಿಯಾಗಿ ಎರಡು ವರ್ಷವೇ ಆಗಿತ್ತು. ಆದರೆ ಮಗಳು ಈಗ ಕುಡಿಯಹೊರಟಿದ್ದು ಕ್ಯಾನ್ ನೀರು. ಬೆಳಿಗ್ಗೆ ತಾನೇ ಸೀಲು ಒಡೆದು, ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಮಡಿಸಿದ ಬಟ್ಟೆಯಲ್ಲಿ ಅದರ ಬಾಯಿ ಒರೆಸಿ ಇಟ್ಟ ಹೊಸ ಕ್ಯಾನು.

"ಎಲ್ಲಿ, ಕೊಡಿಲ್ಲಿ." ಲೋಟದಲ್ಲಿ ಉಳಿದದ್ದನ್ನು ಅವಳು ನಾಲಗೆಯ ಮೇಲೆ ಬಿಟ್ಟುಕೊಂಡಳು. ಸಿಹಿಯಾಗಿಯೇ ಇತ್ತು. ಅತ್ತೆ ಸರ್ವಮಂಗಳಮ್ಮನೂ ಒಂದು ಗುಟುಕು ಕುಡಿದು, "ಚೆನ್ನಾಗೇ ಐತಲ್ಲೇ ನಮ್ಮವ್ವ. ಶಾಲೆಗೆ ಚಕ್ಕರ್ ಹಾಕಾಕೆ ಹೊಸ ನಾಟಕ ಕಲ್ತಿಯೇನು?" ಎಂದರು.

ಹತ್ತು ವರ್ಷದ ಹುಡುಗಿಯ ಕಣ್ಣಲ್ಲಿ ನೀರಾಡಿತು. "ನಾಟಕ ಅಲ್ಲ ಅಜ್ಜಿ. ಹಾಗಲಕಾಯಿ ಅರೆದು ಹಾಕ್ದಂಗಿದೆ."

ನಾಟಕವಲ್ಲ ಎಂಬುದು ಪ್ರತಿಮಾಗೆ ಗೊತ್ತಿತ್ತು. ಹುಡುಗಿಯ ತುಟಿ ಒಡೆದಿತ್ತು. ಒಂದು ವಾರದಿಂದ ಅವಳು ಕ್ಯಾನ್ ನೀರನ್ನೂ ಬಿಟ್ಟು ಮಜ್ಜಿಗೆ, ಮೂಸಂಬಿ ರಸಗಳಲ್ಲೇ ದಿನ ದೂಡುತ್ತಿದ್ದಳು. ಮೊನ್ನೆಯಿಂದ ಮಜ್ಜಿಗೆಯನ್ನೂ ಮೂಸಿ, "ಇದಕ್ಕೂ ನೀರೇ ತಾನೆ ಬೆರೆಸಿರೋದು?" ಎಂದು ದೂರ ಸರಿಸುತ್ತಿದ್ದಳು. ಉರಿಮೂತ್ರ, ಜ್ವರ. ನಿನ್ನೆ ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿ ಸಿಡುಕಿದ್ದರು: "ಮೂತ್ರಕೋಶದ ಸೋಂಕು ಮೇಲಕ್ಕೆ ಹತ್ತುತ್ತಾ ಇದೆ. ಔಷಧಿ ನಾನು ಕೊಡ್ತೀನಿ, ನೀರು ಅವಳೇ ಕುಡೀಬೇಕು. ನಾಳಿದ್ದರೊಳಗೆ ಕುಡಿಯೋಕೆ ಶುರು ಮಾಡ್ದಿದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ತೀನಿ. ಕಿಡ್ನಿಗೆ ಹೋದ್ರೆ ನನ್ನನ್ನ ಕೇಳ್ಬೇಡಿ."

ಕಹಿಗೆ ಕಾರಣ ಕಾಳು. ಹೆಸರಿಗೆ ಅದು 'ರುಚಿಗಾವಲು'. ಎಳ್ಳಿಗಿಂತ ಸಣ್ಣದಾದ್ದರಿಂದ ಜನ ಕಾಳು ಎಂದರು. ಹಿಂದೊಮ್ಮೆ ಹಳೇ ಪೇಟೆಯ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿ, ವಾಂತಿಭೇದಿ ಹಬ್ಬಿ ಮಕ್ಕಳು ಸತ್ತ ಮೇಲೆ, ಊರಿನ ಪ್ರತಿಯೊಬ್ಬರ ಕೆಳಹಲ್ಲಿನ ಹಿಂದೆ ಒಂದೊಂದು ಕಾಳು ಅಂಟಿಸುವ ನಿಯಮ ಬಂತು. ನೀರು ಬಾಯಿಗೆ ಬಿದ್ದೊಡನೆ ಕಾಳು ಅದರಲ್ಲಿನ ಲವಣಗಳನ್ನೂ ಕೊಳಕಿನ ಸುಳಿವನ್ನೂ ಅಳೆಯುತ್ತದೆ. ಅನುಮಾನ ಬಂದರೆ ನಾಲಗೆಯ ನರವನ್ನು ಮೆಲ್ಲಗೆ ಮಿಡಿಯುತ್ತದೆ. ಆಗ ನೀರು ಕಹಿಯೆನಿಸುತ್ತದೆ. ಅಷ್ಟೇ. ದೀಪವಿಲ್ಲ, ಗಂಟೆಯಿಲ್ಲ. ಹಾಲು, ಚಹಾಗಳ ಗೋಜಿಗೆ ಅದು ಹೋಗುವುದಿಲ್ಲ. ಅದರ ಕಾವಲು ಬರಿಯ ನೀರಿಗೆ. ಅಂಟಿಸಿದವರು ಬೆಂಗಳೂರಿನಲ್ಲಿ ಕಚೇರಿಯಿದ್ದ ಜಿಹ್ವಾ ಎಂಬ ಕಂಪನಿಯವರು. ಅವರ ಅಪ್ಪಣೆಯಿಲ್ಲದೆ ಕಾಳನ್ನು ಕೀಳುವಂತಿರಲಿಲ್ಲ; ಅಪ್ಪಣೆಗೆ ಬರೆದವರು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಮೊದಲ ವರ್ಷ ಎಲ್ಲ ಸುಗಮ. ಆಮೇಲೆ ನಲ್ಲಿ ನೀರು ಒಂದೊಂದೇ ಮನೆಯಲ್ಲಿ ಕಹಿಯಾಗತೊಡಗಿತು. ಜನ ಕ್ಯಾನ್ ನೀರಿಗೆ ತಿರುಗಿದರು. ವಿಚಿತ್ರವೆಂದರೆ, ನಲ್ಲಿಯ ನೀರನ್ನು ಪರೀಕ್ಷಿಸಿ 'ಕುಡಿಯಲು ಯೋಗ್ಯ' ಎಂದು ಸಹಿ ಹಾಕುತ್ತಿದ್ದವಳು ಪ್ರತಿಮಾಳೇ. ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಅವಳು ರಸಾಯನ ಪರೀಕ್ಷಕಿ. ಸಹಿ ಹಾಕಿ ಮನೆಗೆ ಬಂದು ಕ್ಯಾನ್ ನೀರು ಕುಡಿಯುತ್ತಿದ್ದಳು.

ಆ ಬೆಳಿಗ್ಗೆ ಅವಳು ಎರಡು ಸೀಸೆ ತೆಗೆದುಕೊಂಡಳು. ಒಂದರಲ್ಲಿ ಅಡುಗೆಮನೆಯ ನಲ್ಲಿಯ ನೀರು, ಇನ್ನೊಂದರಲ್ಲಿ ಕ್ಯಾನಿನದು. ಮಗಳನ್ನು ಅತ್ತೆಯ ಬಳಿ ಮಲಗಿಸಿ ಘಟಕಕ್ಕೆ ಹೊರಟಳು.

"ಮೇಡಂ, ರಜಾ ಹಾಕಿದ್ರಿ ಅಂದ್ಕೊಂಡಿದ್ದೆ," ಎಂದ ನಿಯಂತ್ರಣ ಕೊಠಡಿಯ ಎಂಜಿನಿಯರ್ ಫಯಾಜ್. ಅವನ ಮುಂದಿನ ಗೋಡೆಯಷ್ಟಗಲದ ಪರದೆಯಲ್ಲಿ ಪಟ್ಟಣದ ನಕ್ಷೆಯಿತ್ತು. ಯಾರ ಬಾಯಲ್ಲಿ ನಲ್ಲಿ ನೀರು ಕಹಿಯಾದರೂ ಅಲ್ಲೊಂದು ಕೆಂಪು ಚುಕ್ಕೆ ಮೂಡುತ್ತಿತ್ತು. ಪಟ್ಟಣಕ್ಕೆ ದಡಾರ ಎದ್ದಂತಿತ್ತು ನಕ್ಷೆ.

"ನಮ್ಮ ನೀರು ಲೆಕ್ಕದಲ್ಲಿ ಫಸ್ಟ್ ಕ್ಲಾಸ್, ಬಾಯಿಪರೀಕ್ಷೇಲಿ ಫೇಲ್," ಎಂದು ಅವನು ದಿನದ ನಗೆಚಟಾಕಿ ಹಾರಿಸಿದ. "ನನಗಂತೂ ನಮಾಜಿಗೆ ಮುಂಚೆ ವಜೂ ಅಂತ ಕೈಕಾಲು, ಬಾಯಿ ತೊಳೆಯುವಾಗೆಲ್ಲ ಬಾಯಿಗೆ ಬೇವಿನ ಕಷಾಯ ಬಿದ್ದಂಗಾಗುತ್ತೆ. ಅಲ್ಲಾಹು ಪರೀಕ್ಷೆ ಮಾಡ್ತಿದಾನೆ ಅಂತಾಳೆ ನಮ್ಮಮ್ಮಿ."

"ಮನೇಲಿ ಕುಡಿಯೋದು?"

"ಕ್ಯಾನ್. ನೀವು?"

"ಕ್ಯಾನ್."

ಇಬ್ಬರೂ ನಕ್ಕರು, ನಗು ಬೇಗನೆ ಮುಗಿಯಿತು.

ಎರಡೂ ಸೀಸೆಗಳನ್ನು ಪ್ರತಿಮಾ ತಾನೇ ಪರೀಕ್ಷೆಗೆ ಹಾಕಿದಳು. ಸಹಾಯಕರ ಕೈಗೆ ಕೊಡಲಿಲ್ಲ. ಒಮ್ಮೆ ನೋಡಿ, ನಂಬದೆ, ಯಂತ್ರ ತೊಳೆದು ಮತ್ತೊಮ್ಮೆ ನೋಡಿದಳು. ಎರಡೂ ಶುದ್ಧ. ಕ್ರಿಮಿಯಿಲ್ಲ, ಸೀಸವಿಲ್ಲ, ನೈಟ್ರೇಟು ಮಿತಿಗಿಂತ ಕಡಿಮೆ. ಹಾಗಾದರೆ ಮಗಳ ಬಾಯಲ್ಲಿ ಮಿಡಿಯುತ್ತಿರುವುದು ಏನು?

ಜಿಹ್ವಾದಲ್ಲಿ ಈ ಪಟ್ಟಣದ ಹೊಣೆ ಹೊತ್ತಿದ್ದವಳು ನಿಖಿತಾ ಎಂಬ ಹುಡುಗಿ. ಪ್ರತಿಮಾ ಅವಳಿಗೆ ವಿಡಿಯೊ ಕರೆ ಮಾಡಿದಳು. ಪರದೆಯ ಮೇಲೆ ಅವಳ ಮುಖ ಸದಾ ನಗುತ್ತಲೇ ಇರುತ್ತಿತ್ತು. "ಮಗುವಿನ ಕಾಳು ಸರಿಯಾಗೇ ಕೆಲಸ ಮಾಡ್ತಿದೆ ಪ್ರತಿಮಾ ಮೇಡಂ, ಈಗಷ್ಟೇ ಚೆಕ್ ಮಾಡ್ದೆ. ಅದಕ್ಕೇನೋ ಅನುಮಾನ ಬಂದಿದೆ ಅಷ್ಟೇ. ಬೇರೆ ಬ್ರ್ಯಾಂಡಿನ ನೀರು ಟ್ರೈ ಮಾಡಿ ನೋಡಿ."

"ಕ್ಯಾನ್ ನೀರು ಕಹಿ ಅಂತ ಇನ್ಯಾರಾದ್ರೂ ಹೇಳಿದಾರಾ?"

"ಆ ಲೆಕ್ಕ ಹೊರಗೆ ಕೊಡೋಹಾಗಿಲ್ಲ ಮೇಡಂ. ನಗರಸಭೆಗೆ ಕೊಡೋದು ನಲ್ಲಿ ನೀರಿಂದು ಮಾತ್ರ."

ನಗು ಮಾಯವಾಗಿ ಪರದೆ ಕಪ್ಪಾಯಿತು. ಪ್ರತಿಮಾ ಅದರಲ್ಲಿ ಕಂಡ ತನ್ನದೇ ಮುಖವನ್ನು ದಿಟ್ಟಿಸುತ್ತ ಕುಳಿತಳು. ಯಾಕೆ ಕೊಡುವಂತಿಲ್ಲ? ಪಟ್ಟಣದ ನಾಲಗೆಯೆಲ್ಲ ಒಬ್ಬರ ಮುಷ್ಟಿಯಲ್ಲಿರುವಾಗ, ಯಾವ ನೀರು ಸಿಹಿ ಯಾವುದು ಕಹಿ ಎಂದು ಅವರೇ ನಿರ್ಧರಿಸುವುದು ಎಷ್ಟು ಹೊತ್ತಿನ ಕೆಲಸ? ಬೇರೆ ಬ್ರ್ಯಾಂಡು ಎಂದಳಲ್ಲ, ನಗುನಗುತ್ತ?

"ಫಯಾಜ್, ಈ ಕೆಂಪಿನ ನಡುವೆ ಒಂದಾದ್ರೂ ಚುಕ್ಕೆಯಿಲ್ಲದ ಜಾಗ ಇದೆಯಾ? ಜನ ಇದ್ದೂ ಚುಕ್ಕೆ ಇಲ್ಲದ್ದು?"

ಅವನು ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ಹುಡುಕಿದ. ಊರಾಚೆ, ಬೈಪಾಸಿನ ಪಕ್ಕದಲ್ಲಿ ಬೆಳ್ಳಗೆ ಒಂದು ತುಣುಕು. "ಇಲ್ಲಿ ಒಂದಿಪ್ಪತ್ತು ಜನ ಇದಾರೆ. ನಲ್ಲಿ ನೀರು ಕುಡೀತಾರೆ, ಒಬ್ಬರಿಗೂ ಕಹಿ ಇಲ್ಲ." ಹೆಸರು ಓದಿ ಅವನ ಹುಬ್ಬು ಮೇಲೇರಿತು. "ಮೇಡಂ, ಇದು ಕ್ಯಾನ್ ನೀರಿನ ಗೋಡೌನು. ಮನೆಮನೆಗೆ ಕ್ಯಾನ್ ಹಾಕೋ ಹುಡುಗರು ಇರೋ ಶೆಡ್ಡು."

ಊರಿಗೆಲ್ಲ ಕ್ಯಾನ್ ನೀರು ಕುಡಿಸುವವರು ತಾವು ಮಾತ್ರ ನಲ್ಲಿ ನೀರು ಕುಡಿಯುತ್ತಾರೆ!

ಅವಳು ಗೋಡೌನು ತಲುಪಿದಾಗ ಊಟದ ಹೊತ್ತು. ಖಾಲಿ ಕ್ಯಾನುಗಳ ಬೆಟ್ಟದ ನೆರಳಲ್ಲಿ ಹುಡುಗರು ಸಾಲಾಗಿ ಕೂತು ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು. ನಡುವಯಸ್ಸಿನ ದುರುಗಪ್ಪ ಎಂಬಾತ ಎದ್ದು ಬಂದ; ಪ್ರತಿಮಾಳ ಬೀದಿಗೆ ಕ್ಯಾನ್ ಹಾಕುತ್ತಿದ್ದವನು ಅವನೇ.

"ಏನ್ ಮೇಡಂ ಇಲ್ಲೀತನಕ? ಕ್ಯಾನ್ ಬಂದಿಲ್ಲೇನ್ರಿ?"

"ಬಂದಿದೆ. ನೀವು ಕುಡಿಯೋದು ಯಾವ ನೀರು?"

"ನಲ್ಲೀದು." ಅವನು ಶೆಡ್ಡಿನ ಮೂಲೆಯ ನಲ್ಲಿ ತೋರಿಸಿದ. "ಯಾಕ್ರಿ?"

"ಇಷ್ಟು ಕ್ಯಾನ್ ಇಟ್ಕೊಂಡು ನಲ್ಲಿ ನೀರು ಯಾಕೆ?"

ಹುಡುಗರು ಕಿಸಕ್ಕೆಂದರು. "ಮಿಠಾಯಿ ಮಾರೋನು ತನ್ನ ಅಂಗಡಿ ಜಿಲೇಬಿ ತಿಂತಾನೇನ್ರಿ," ಎಂದ ಒಬ್ಬ. ದುರುಗಪ್ಪ ಗದರಿ, ತಾನೇ ಉತ್ತರಿಸಿದ: "ಸೀಲ್ ಇರೋದು ಮುಟ್ಟೋಹಂಗಿಲ್ರಿ. ಮುಟ್ಟಿದ್ರೂ ಉಪಯೋಗಿಲ್ಲ. ನಮಗೆ ಕ್ಯಾನ್ ನೀರೇ ಕಹಿ."

"ಏನಂದ್ರಿ?"

"ಕಹಿ ಮೇಡಂ, ಇಂಗ್ಲಿಷ್ ಮಾತ್ರೆ ಚೀಪಿದಂಗೆ. ಊರಾಗೆ ಹೇಳಿದ್ರೆ ಯಾಪಾರ ನಿಲ್ತತಿ ಅಂತ ಮಾಲೀಕ್ರು ಬಾಯಿ ಬಿಡಬ್ಯಾಡ್ರಿ ಅಂದಾರೆ. ನೀವೂ ನಮ್ಮ ಹೆಸರು ಹೇಳಬ್ಯಾಡ್ರಿ ಮತ್ತೆ."

ಅವನ ಮುಖದಲ್ಲಿ ಕಪಟ ಹುಡುಕಿದಳು ಪ್ರತಿಮಾ. ಸಿಗಲಿಲ್ಲ. ಇವರ ಕಾಳನ್ನು ಯಾರಾದರೂ ತಿರುಚಿದ್ದಾರೆಯೇ? ಇವರ ಕಾಳು ನಿಜ ಹೇಳುತ್ತ, ಇಡೀ ಊರಿನದು ಸುಳ್ಳು ಹೇಳುತ್ತಿದೆಯೇ? ಹಾಗಾದರೆ ಚಾರ್ವಿಗೆ ಎರಡೂ ಕಹಿಯೇಕೆ? ಊಟ ಮುಗಿಸಿದ ಹುಡುಗರು ಎದ್ದರು. ವಾಪಸು ಬಂದ ಕ್ಯಾನುಗಳ ತಳದಲ್ಲಿ ಉಳಿದಿದ್ದ ನೀರನ್ನು ಬಗ್ಗಿಸಿಕೊಂಡು ಕೈ ತೊಳೆದು, ಗಳಗಳನೆ ಬಾಯಿ ಮುಕ್ಕಳಿಸಿ ಚರಂಡಿಗೆ ಉಗಿದರು. ಆಮೇಲೆ ನಲ್ಲಿಗೆ ಬೊಗಸೆಯೊಡ್ಡಿ ಕುಡಿದರು. ಪ್ರತಿಮಾ ಅದನ್ನು ನೋಡಿದಳು. ನೋಡಿಯೂ ಅವಳ ಮನಸ್ಸು ನಿಖಿತಾಳ ನಗುವಿನಲ್ಲೇ ಸಿಕ್ಕಿಕೊಂಡಿತ್ತು.

ಸಂಜೆ ಮನೆಗೆ ಬಂದಾಗ ಚಾರ್ವಿ ಎರಡು ತುತ್ತು ಮೊಸರನ್ನ ತಿಂದಿದ್ದಳು. ತಟ್ಟೆ ಹಾಗೇ ಬಿಟ್ಟು ಹಾಸಿಗೆಯತ್ತ ನಡೆಯುತ್ತಿದ್ದಳು.

"ಏ ನಮ್ಮವ್ವ, ಬಾಯಿ ಮುಕ್ಕಳಿಸಿದ್ಯೇನು?" ಎಂದರು ಸರ್ವಮಂಗಳಮ್ಮ. "ಎಂಜಲು ಬಾಯಲ್ಲಿ ಮನೆಯೆಲ್ಲ ಓಡ್ಯಾಡಿದ್ರೆ ಹೆಂಗೆ? ಪೂಜೆ ಕೋಣೆ ಬ್ಯಾರೆ ಇಲ್ಲೇ ಐತಿ."

ಹುಡುಗಿ ದಣಿದ ಹೆಜ್ಜೆಯಲ್ಲಿ ಬಚ್ಚಲಿನತ್ತ ತಿರುಗಿದಳು. ಅಲ್ಲಿ ಪ್ರತಿಮಾಳೇ ಇಟ್ಟಿದ್ದ ಕ್ಯಾನ್ ನೀರಿನ ತಂಬಿಗೆಯಿತ್ತು. ಊರೆಲ್ಲ ಕೆಂಪಾದದ್ದನ್ನು ನಕ್ಷೆಯಲ್ಲಿ ದಿನವೂ ನೋಡಿ ನೋಡಿ ಅವಳಿಗೆ ದಿಗಿಲು ಹತ್ತಿತ್ತು. ನಲ್ಲಿ ನೀರು ಮಗಳ ಬಾಯೊಳಗೇ ಹೋಗಬಾರದು ಎಂದು ಕಳೆದ ತಿಂಗಳಿಂದ ಬಾಯಿ ಮುಕ್ಕಳಿಸಲಿಕ್ಕೂ ಕ್ಯಾನ್ ನೀರನ್ನೇ ಕೊಡುತ್ತಿದ್ದಳು. ಒಮ್ಮೆ ಸಾಲದು, ಚೆನ್ನಾಗಿ ಮುಕ್ಕಳಿಸು, ಇನ್ನೊಮ್ಮೆ, ಎಂದು ಹಿಂದೆ ನಿಂತು ಹೇಳುತ್ತಿದ್ದಳು. ಮನೆಯಲ್ಲಿ ಉಳಿದವರು ನಲ್ಲಿಯಲ್ಲೇ ಬಾಯಿ ತೊಳೆಯುತ್ತಿದ್ದರು. ಮಗುವಿಗೆ ಮಾತ್ರ ಈ ಕಾಳಜಿ.

ಚಾರ್ವಿ ಗಲ್ಲ ಉಬ್ಬಿಸಿದಳು. ಗಳಗಳ. ಉಗಿದಳು.

ಪ್ರತಿಮಾ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೌನಿನ ಚರಂಡಿ ಕಣ್ಣ ಮುಂದೆ ಬಂತು. ಫಯಾಜನ ವಜೂ ನೆನಪಾಯಿತು. ಉಗಿದದ್ದು ಕಹಿ. ನುಂಗಿದ್ದು ಸಿಹಿ. ಹುಡುಗರು ಕ್ಯಾನ್ ನೀರನ್ನು ಉಗಿಯುತ್ತಾರೆ, ನಲ್ಲಿಯದನ್ನು ನುಂಗುತ್ತಾರೆ. ಊರು ನಲ್ಲಿಯದನ್ನು ಉಗಿಯುತ್ತದೆ, ಕ್ಯಾನಿನದನ್ನು ನುಂಗುತ್ತದೆ. ಚಾರ್ವಿ ಮೊದಲು ನಲ್ಲಿಯದನ್ನು ಉಗಿಯುತ್ತಿದ್ದಳು, ಈಗ ಕ್ಯಾನಿನದನ್ನೂ.

ಅವಳು ಮೊಬೈಲ್ ತೆಗೆದು ನಿಖಿತಾಗೆ ಕರೆ ಮಾಡಿದಳು. ಪೀಠಿಕೆಯಿಲ್ಲದೆ ಕೇಳಿದಳು: "ನೀರನ್ನ ಬಾಯಿಗೆ ಹಾಕ್ಕೊಂಡು ಉಗಿದ್ರೆ ಕಾಳು ಏನಂತ ತಿಳ್ಕೊಳ್ಳುತ್ತೆ?"

"ಉಗಿದ್ರೆ... ಧರಿಸಿದವರಿಗೆ ಆ ನೀರು ಬೇಡ ಅಂತ. ಒಂದೊಂದೂರಿನ ನೀರು ಒಂದೊಂದು ಥರ ಅಲ್ವಾ ಮೇಡಂ, ಹಾಗಾಗಿ ಕಾಳು ಕುಡಿಯೋರಿಂದಲೇ ಕಲೀತಾ ಹೋಗುತ್ತೆ. ಲವಣದ ಗುರುತಿನ ಮೇಲೆ ಯಾವ ನೀರು ಅಂತ ನೆನಪಿಟ್ಕೊಳ್ಳುತ್ತೆ. ಉಗಿದದ್ದನ್ನ ಮುಂದಿನ ಸಲ ಹೆಚ್ಚು ಅನುಮಾನಿಸುತ್ತೆ. ಒಂದು ಸಲ ಉಗಿದದ್ದು ಮರೆಯೋಕೆ ಹತ್ತಾರು ಗುಟುಕು ನುಂಗಬೇಕು. ಅದು ಸುರಕ್ಷತೆಗೆ."

"ಹಲ್ಲುಜ್ಜಿ ಉಗಿದ್ರೆ?"

"ಪೇಸ್ಟಿನ ನೊರೆ ಇದ್ರೆ ಲೆಕ್ಕಕ್ಕೆ ತಗೊಳ್ಳಲ್ಲ. ಅದನ್ನ ಯೋಚನೆ ಮಾಡಿದಾರೆ."

"ಊಟ ಆದ ಮೇಲೆ?"

"ಊಟ ಆದ ಮೇಲೆ ಯಾಕೆ ಉಗೀತಾರೆ ಮೇಡಂ?"

"ಬಾಯಿ ಮುಕ್ಕಳಿಸೋಕೆ," ಎಂದಳು ಪ್ರತಿಮಾ. ನಿಖಿತಾಳ ದನಿ ಈಗ ಬೇರೆಯೇ ಆಗಿ ಕೇಳಿತು, ಯಾರದೋ ಮನೆಯ ಹುಡುಗಿಯ ದನಿಯಂತೆ. "ನಮ್ಮಜ್ಜಿ ಮುಕ್ಕಳಿಸ್ತಿದ್ರು. ನಮ್ಮನ್ನೂ ಬಿಡ್ತಿರ್ಲಿಲ್ಲ. ಅಯ್ಯೋ... ಕಾಳಿಗೆ ಪಾಠ ಹೇಳಿದವರು ಊಟ ಮಾಡಿ ಕಾಗದದಲ್ಲಿ ಬಾಯಿ ಒರೆಸ್ಕೊಳ್ಳೋ ದೇಶದವರು ಮೇಡಂ."

"ಇದು ನಿಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ? ಎರಡು ವರ್ಷದಿಂದ?"

"ನನಗೆ ಗೊತ್ತಿರ್ಲಿಲ್ಲ."

"ನಿಮ್ಮನ್ನ ಕೇಳಲಿಲ್ಲ. ನಿಮ್ಮಲ್ಲಿ ಯಾರಿಗೂ ಅಂದೆ."

"ಸರಿಪಡಿಸೋಕೆ ಬರೆದು ಹಾಕ್ತೀನಿ ಮೇಡಂ. ಒಪ್ಪಿಗೆ ಬರೋಕೆ ಟೈಮ್ ಹಿಡಿಯುತ್ತೆ. ಅಲ್ಲೀತನಕ ಮಗುವಿನ ಕಾಳಿಗೆ ನೀವೇ ಕಲಿಸ್ಬೇಕು. ನುಂಗಿಸಿ. ಕಹಿಯಾದ್ರೂ ನುಂಗಲಿ." ಕರೆ ಕಡಿಯಿತು. ಗೊತ್ತಿತ್ತೇ ಇಲ್ಲವೇ ಎಂಬುದಕ್ಕೆ ಉತ್ತರ ಸಿಗಲಿಲ್ಲ. ಸಿಗುವುದೂ ಇಲ್ಲವೇನೋ.

ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸರ್ವಮಂಗಳಮ್ಮ ಕೆನ್ನೆಗೆ ಕೈಯಿಟ್ಟು ಕೇಳಿದರು. "ಅಲ್ಲ ಕಣೆ, ಬಾಯಿ ತೊಳ್ಕೊಂಡಿದ್ದೇ ತಪ್ಪಾತೇನು? ನಮ್ಮ ಹಿರೇರೆಲ್ಲ ಮುಕ್ಕಳಿಸಿದೋರೇ. ಆ ಕಾಳಿಗೆ ಅಷ್ಟೂ ತಿಳುವಳಿಕೆ ಇಲ್ಲ ಅಂದ್ಮೇಲೆ ಅದನ್ನ ಬಾಯಾಗೆ ಯಾಕಿಟ್ರು?"

"ಅದಕ್ಕೆ ಹೇಳ್ಕೊಟ್ಟಷ್ಟೇ ಗೊತ್ತು ಅತ್ತೆ."

"ಮತ್ತೆ ನಿನಗೆ?"

ಪ್ರತಿಮಾ ಬೆಚ್ಚಿ ನೋಡಿದಳು. ಮುದುಕಿ ಚುಚ್ಚಲೆಂದು ಆಡಿದ ಮಾತಲ್ಲ. ಆದರೂ ನಾಟಿತು. ಕಾಳಿಗೊಂದು ನೆಪವಾದರೂ ಇತ್ತು. ತಾನು? ಪ್ರತಿ ಲೋಟವನ್ನೂ ಬೆಳಕಿಗೆ ಹಿಡಿದು ನೋಡುತ್ತ, ಮುಚ್ಚಳ ಸವರುತ್ತ, ಮಗಳ ಮುಂದೆ ಮುಖ ಹುಳ್ಳಗೆ ಮಾಡುತ್ತ, ಅವಳ ಮನಸ್ಸಿನಲ್ಲಿ ತಾನೂ ಒಂದು ಕಾಳನ್ನೇ ಬೆಳೆಸಿದ್ದಳಲ್ಲವೇ?

ಅವಳು ಸ್ಟೀಲ್ ಲೋಟ ತೊಳೆದು ನಲ್ಲಿ ತಿರುಗಿಸಿದಳು. ಕ್ಯಾನು ಪಕ್ಕದಲ್ಲೇ ಇತ್ತು. ಎರಡೂ ಶುದ್ಧವೇ; ಮಗಳಿಗೆ ಎರಡೂ ಕಹಿಯೇ. ಆದರೆ ಶಾಲೆಯಲ್ಲಿ, ಗೆಳತಿಯರ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲೆಡೆ ಇರುವುದು ನಲ್ಲಿ. ಜೀವನವಿಡೀ ಬೆನ್ನಿಗೆ ಕ್ಯಾನು ಕಟ್ಟಿ ಕಳಿಸಲಾದೀತೇ? ಮೇಲಾಗಿ ಈ ನೀರು ಎಲ್ಲಿಂದ ಬರುತ್ತದೆ, ಯಾವ ಮರಳಿನಲ್ಲಿ ಸೋಸಿ ಬರುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಚಾರ್ವಿ ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಲೋಟ ಕಂಡದ್ದೇ ಎದ್ದು ಕೂತಳು. "ಅದು ನಲ್ಲೀದು. ಸದ್ದು ಕೇಳಿಸ್ತು."

"ಹೌದು. ನಲ್ಲೀದೇ."

"ಕಹಿ ಅಂದ್ರೆ ವಿಷ ಅಂತ ನೀನೇ ಹೇಳಿದ್ದು."

"ಹೇಳಿದ್ದೆ. ತಪ್ಪು ಹೇಳಿದ್ದೆ." ಕಾಳಿನ ವಿಷಯವನ್ನು ಹುಡುಗಿಗೆ ತಿಳಿಯುವಂತೆ ಹೇಳಿದಳು. ಉಗಿದದ್ದನ್ನು ಅದು ಹೇಗೆ ನೆನಪಿಟ್ಟುಕೊಳ್ಳುತ್ತದೆ, ಪೆದ್ದು ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಹೇಗೆ ತಡೆಯುತ್ತಾನೆ ಎಂದು. ಚಾರ್ವಿ ಕೇಳಿದಳು, ನಂಬಲಿಲ್ಲ. ತಾಯಿಯ ಮಾತನ್ನಲ್ಲ, ಮುಖವನ್ನು ಓದುತ್ತಿದ್ದಳು. ಆ ಓದನ್ನು ಕಲಿಸಿದವಳೂ ತಾಯಿಯೇ.

"ನೀನು ಕುಡೀತೀಯಾ ಮೊದ್ಲು?"

ಪ್ರತಿಮಾ ಲೋಟ ಎತ್ತಿದಳು. ನಲ್ಲಿ ನೀರನ್ನು ಅವಳು ಕುಡಿದು ಎಷ್ಟೋ ಕಾಲವಾಗಿತ್ತು. ಪರೀಕ್ಷೆಯ ಫಲ ಗೊತ್ತಿತ್ತು, ಕಾರಣ ಗೊತ್ತಿತ್ತು. ಆದರೂ ಲೋಟದ ಅಂಚು ತುಟಿಗೆ ತಾಗಿದಾಗ ಅನುಮಾನ ಬಂತು. ತಾನು ಊಹಿಸಿದ್ದು ತಪ್ಪಾಗಿದ್ದರೆ? ಬೆಳಿಗ್ಗೆ ಶುದ್ಧವಿದ್ದದ್ದು ಸಂಜೆಗೆ ಇರದಿದ್ದರೆ? ಬಾಯಿ ತುಂಬ ಕಹಿ ನುಗ್ಗಿತು, ಗಂಟಲಲ್ಲಿ ಹಿಂದಕ್ಕೆ ಒತ್ತುವಂಥ ಕಹಿ. ಮಗಳ ಕಣ್ಣು ತನ್ನ ಕತ್ತಿನ ಮೇಲೇ ಇತ್ತು.

ನುಂಗಿದಳು.

"ಹೇಗಿದೆ?"

ಸಿಹಿ ಎನ್ನಬಹುದಿತ್ತು. ಯಾವ ತಾಯಿಯಾದರೂ ಹಾಗನ್ನುತ್ತಿದ್ದಳು.

"ಕಹಿ," ಎಂದಳು ಪ್ರತಿಮಾ. "ತುಂಬಾ ಕಹಿ." ಮತ್ತೆ ಲೋಟ ಎತ್ತಿ ಇನ್ನೊಂದು ಗುಟುಕು ನುಂಗಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಚಾರ್ವಿ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಕೆನ್ನೆ ಉಬ್ಬಿತು, ಬಚ್ಚಲಿನತ್ತ ಒಮ್ಮೆ ಕಣ್ಣು ಹಾಯಿತು. ತಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಗುಳಕ್ಕೆಂದು ನುಂಗಿದಳು.

"ಥೂ," ಎಂದಳು. ಎಂದು, ಮತ್ತೊಂದು ಗುಟುಕು.

ಅವತ್ತಿನಿಂದ ಆ ಮನೆಯಲ್ಲಿ ಕ್ರಮ ತಿರುವುಮುರುವಾಯಿತು. ಕ್ಯಾನಿನ ನೀರು ಬಾಯಿ ಮುಕ್ಕಳಿಸಲಿಕ್ಕೆ, ನಲ್ಲಿಯದು ಕುಡಿಯಲಿಕ್ಕೆ. "ಕಲಿಗಾಲ, ದುಡ್ಡು ಕೊಟ್ಟು ತಂದಿದ್ದನ್ನ ಉಗಿಯೋದು, ಬಿಟ್ಟಿ ಬಂದಿದ್ದನ್ನ ಕುಡಿಯೋದು," ಎಂದು ಗೊಣಗುತ್ತಲೇ ಸರ್ವಮಂಗಳಮ್ಮನೂ ಮೂಗು ಮುಚ್ಚಿಕೊಂಡು ಕುಡಿದರು. ಪ್ರತಿಮಾಳಿಂದ ವಿಷಯ ತಿಳಿದ ಫಯಾಜ್ ವಜೂಗೆ ಕ್ಯಾನ್ ನೀರಿನ ಚೊಂಬು ಹಿಡಿದು ಹೋಗುವುದನ್ನು ಕಂಡು ಮಸೀದಿಯಲ್ಲಿ ಜನ ನಕ್ಕರಂತೆ. ಅವನು ಕಾರಣ ಹೇಳಿದ ಮೇಲೆ ಕೆಲವರು ನಗು ನಿಲ್ಲಿಸಿದರಂತೆ. ಡ್ರಿಪ್ ಹಾಕುವ ಮಾತನ್ನು ಡಾಕ್ಟರು ಹಿಂದಕ್ಕೆ ತೆಗೆದುಕೊಂಡರು. ಜಿಹ್ವಾದಿಂದ ಮಾತ್ರ ಏನೂ ಬರಲಿಲ್ಲ. ನಿಖಿತಾಳ ಜಾಗದಲ್ಲಿ ಪರದೆಯ ಮೇಲೆ ಈಗ ಬೇರೊಂದು ಮುಖ ನಗುತ್ತಿತ್ತು.

ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಚಾರ್ವಿ ಶಾಲೆಗೆ ಹೊರಡುವ ಮುನ್ನ ನಲ್ಲಿಗೆ ಲೋಟವಿಟ್ಟು, ತುಂಬಿಸಿ, ನಿಂತಲ್ಲೇ ಕುಡಿದಳು. "ಅಮ್ಮಾ, ನಿನ್ನೆಗಿಂತ ಕಹಿ ಕಡಿಮೆ ಇದೆ."

ಪ್ರತಿಮಾ ಒಗ್ಗರಣೆ ಬಿಟ್ಟು ತಿರುಗಿದಳು. ನಿಜವೇ? ಅಥವಾ ನನ್ನ ಸಮಾಧಾನಕ್ಕೆಂದು ಹೇಳುತ್ತಿದ್ದಾಳೆಯೇ? ಕಣ್ಣು ಮಗಳ ಮುಖದ ಮೇಲೆ ಹುಡುಕಾಟ ಶುರುಮಾಡಿತು: ಹುಬ್ಬು, ತುಟಿಯ ಅಂಚು, ಗಂಟಲು. ಹುಡುಗಿ ಆ ನೋಟವನ್ನು ಗುರುತಿಸಿ, ಲೋಟದ ತಳದಲ್ಲಿ ಉಳಿದದ್ದನ್ನು ಅವಳತ್ತ ಚಾಚಿದಳು.

ಪ್ರತಿಮಾ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಕುಡಿದಳು.